ಗಾಜಿನಾಚೆ ನಿಂತ ಹೆತ್ತವರು

ಹುಟ್ಟಿದ ಕೂಸನ್ನು ತಾಯಿಯ ಮಗ್ಗುಲಲ್ಲಿ ಮಲಗಿಸುವ ಬದಲು ತೀವ್ರ ನಿಗಾ ಘಟಕಕ್ಕೆ ಒಯ್ದರೆ ಮನೆಯವರ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ತಾಯಿ ಒಂದು ವಾರ್ಡಿನಲ್ಲಿ, ಮಗು ಇನ್ನೊಂದು ಮಹಡಿಯಲ್ಲಿ, ತಂದೆ ಔಷಧದ ಚೀಟಿ ಹಿಡಿದು ಇಬ್ಬರ ನಡುವೆ. ಬಂದ ನೆಂಟರಿಷ್ಟರು ಹೇಳುವ ಮಾತು ಒಂದೇ: ‘ಧೈರ್ಯವಾಗಿರಿ, ಡಾಕ್ಟರು ನೋಡಿಕೊಳ್ಳುತ್ತಾರೆ.’ ಮಾತು ಒಳ್ಳೆಯದೇ. ಆದರೆ ಡಾಕ್ಟರು ನೋಡಿಕೊಳ್ಳುತ್ತಿರುವಾಗ ಹೆತ್ತವರು ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆಧುನಿಕ ಆಸ್ಪತ್ರೆಗಳು ಬಹುಕಾಲ ಈ ಪ್ರಶ್ನೆಗೆ ಕೊಟ್ಟ ಉತ್ತರ, ‘ಏನೂ ಮಾಡಬೇಕಿಲ್ಲ, ಹೊರಗಿರಿ’ ಎಂಬುದು. ಆ ಉತ್ತರದ ಹಿಂದೆ ಕ್ರೌರ್ಯವಿರಲಿಲ್ಲ; ಮಗುವನ್ನು ಉಳಿಸಬೇಕೆಂಬ ಕಾಳಜಿಯೇ ಇತ್ತು. ಅದು ಪೂರ್ತಿ ಸರಿಯಲ್ಲವೆಂದು ತಿಳಿಯಲು ಮಾತ್ರ ಹಲವು ದಶಕಗಳು ಬೇಕಾದವು.

ಕೋಳಿಮರಿಗಳ ಪೆಟ್ಟಿಗೆ

ಕತೆ ಶುರುವಾಗುವುದು ಪ್ಯಾರಿಸ್ಸಿನಲ್ಲಿ. ಅವಧಿಗೆ ಮುನ್ನ ಹುಟ್ಟಿದ ಕೂಸಿನ ಚರ್ಮದಡಿ ಕೊಬ್ಬು ತೀರ ಕಡಿಮೆ. ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಹೀಗಾಗಿ ಮೈಯ ಶಾಖ ಬೇಗ ಸೋರಿಹೋಗುತ್ತದೆ. ರೋಗಕ್ಕಿಂತ ಮೊದಲು ಚಳಿಯೇ ಇಂಥ ಮಕ್ಕಳನ್ನು ಕೊಲ್ಲುತ್ತಿತ್ತು. ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯ ವೈದ್ಯ ಸ್ಟೆಫಾನ್ ಟಾರ್ನಿಯೆ 1878ರಲ್ಲಿ ಅಲ್ಲಿನ ಮೃಗಾಲಯಕ್ಕೆ ಹೋದಾಗ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ಕಂಡ. ಅಂಥದ್ದೇ ಒಂದನ್ನು ಮಕ್ಕಳಿಗಾಗಿ ಮಾಡಿಕೊಡುವಂತೆ ಅದನ್ನು ತಯಾರಿಸಿದವನನ್ನೇ ಕೇಳಿದ. 1880ರ ಹೊತ್ತಿಗೆ ಬಿಸಿನೀರಿನಿಂದ ಬೆಚ್ಚಗಿಡುವ ಕಾವುಪೆಟ್ಟಿಗೆ ಆಸ್ಪತ್ರೆಗೆ ಬಂತು. ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ 66 ಇದ್ದ ಸಾವಿನ ಪ್ರಮಾಣ 38ಕ್ಕೆ ಇಳಿಯಿತೆಂದು 1883ರ ವರದಿ ಹೇಳಿತು.

ಪೆಟ್ಟಿಗೆ ಜೀವ ಉಳಿಸಿತು, ನಿಜ. ಆದರೆ ಅದರೊಂದಿಗೆ ಇನ್ನೊಂದು ತೊಡಕೂ ಬಂತು. ಅದನ್ನು ಮೊದಲು ಗುರುತಿಸಿದವರಲ್ಲಿ ಟಾರ್ನಿಯೆಯ ಶಿಷ್ಯ ಪಿಯರ್ ಬುಡಿನ್ ಪ್ರಮುಖ. ವಾರಗಟ್ಟಲೆ ಕೂಸಿನಿಂದ ದೂರವಿದ್ದ ಕೆಲವು ತಾಯಂದಿರು ಅದರಲ್ಲಿ ಆಸಕ್ತಿಯನ್ನೇ ಕಳೆದುಕೊಂಡು, ಬದುಕುಳಿದ ಮಗುವನ್ನು ತೊರೆದು ಹೋಗುತ್ತಿದ್ದುದನ್ನು ಆತ ಕಂಡ. ಮಗುವಿನ ಜೀವ ಉಳಿದರೂ ಅದಕ್ಕೆ ತಾಯಿ ಇಲ್ಲವಾಗುತ್ತಾಳೆ ಎಂಬುದು ಅವನ ಚಿಂತೆ. ಹೊರಗಿನಿಂದ ಕೂಸು ಕಾಣುವಂತೆ ಗಾಜಿನ ಪೆಟ್ಟಿಗೆ ಬಳಸಬೇಕು, ತಾಯಿಯೇ ಬಂದು ಹಾಲೂಡಿಸಬೇಕು ಎಂದು ಬುಡಿನ್ ಒತ್ತಾಯಿಸಿದ. 1900ರಲ್ಲಿ ಪ್ರಕಟವಾದ ಅವನ ಪುಸ್ತಕ 1907ರಲ್ಲಿ ಇಂಗ್ಲಿಷಿಗೂ ಬಂತು. ಲೋಕ ಅವನಿಂದ ಪೆಟ್ಟಿಗೆಯನ್ನು ತೆಗೆದುಕೊಂಡಿತು, ತಾಯಿಯ ಕುರಿತ ಮಾತನ್ನು ಬಿಟ್ಟುಬಿಟ್ಟಿತು.

ಟಿಕೆಟ್ ಕೊಂಡು ನೋಡಿದ ಕೂಸುಗಳು

ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದ ಮಾರ್ಟಿನ್ ಕೌನಿಯದು ವಿಚಿತ್ರ ವೃತ್ತಾಂತ. ಬುಡಿನ್‌ನ ಶಿಷ್ಯನೆಂದು ಹೇಳಿಕೊಳ್ಳುತ್ತಿದ್ದ ಈತ ವೈದ್ಯ ಪದವಿ ಪಡೆದಿದ್ದನೆಂಬುದಕ್ಕೆ ಸಂಶೋಧಕರಿಗೆ ಪುರಾವೆ ದೊರೆತಿಲ್ಲ. ಬರ್ಲಿನ್ನಿನ 1896ರ ವಸ್ತುಪ್ರದರ್ಶನದಲ್ಲಿ ಕಾವುಪೆಟ್ಟಿಗೆಗಳಲ್ಲಿ ನಿಜವಾದ ಕೂಸುಗಳನ್ನೇ ಇಟ್ಟು ತೋರಿಸಲಾಯಿತು. ಮುಂದೆ ಕೌನಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ಬಳಿಯ ಕೋನಿ ಐಲೆಂಡ್ ಎಂಬ ಜಾತ್ರೆಯಂಥ ವಿಹಾರತಾಣದಲ್ಲಿ 1903ರಿಂದ 1943ರವರೆಗೆ ಇದೇ ಪ್ರದರ್ಶನ ನಡೆಸಿದ. ನೋಡಲು ಬರುವವರು 25 ಸೆಂಟ್ ಕೊಡಬೇಕಿತ್ತು. ಆ ಹಣದಲ್ಲಿ ದಾದಿಯರ ಸಂಬಳ, ಹಾಲೂಡಿಸುವ ಹೆಂಗಸರ ಖರ್ಚು ನಡೆಯುತ್ತಿತ್ತು. ಹೆತ್ತವರಿಂದ ಒಂದು ಕಾಸನ್ನೂ ಪಡೆಯುತ್ತಿರಲಿಲ್ಲ.

ಆಸ್ಪತ್ರೆಗಳು ಕೈಚೆಲ್ಲಿದ ಸಾವಿರಾರು ಮಕ್ಕಳು ಹೀಗೆ ಬದುಕಿದರು ಎಂಬುದನ್ನು ಮರೆಯುವಂತಿಲ್ಲ. ಆದರೂ ಈ ಏರ್ಪಾಟಿನಲ್ಲಿ ದಾದಿ ಮಗುವನ್ನು ಎತ್ತಿಕೊಳ್ಳಬಹುದಿತ್ತು, ಟಿಕೆಟ್ ಕೊಂಡ ಅಪರಿಚಿತ ಅದನ್ನು ನೋಡಬಹುದಿತ್ತು. ಹೆತ್ತವರಿಗೆಂದು ಗೊತ್ತುಮಾಡಿದ ಕೆಲಸ ಮಾತ್ರ ಇರಲಿಲ್ಲ.

ಗಾಜಿನ ಗೋಡೆ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಕಾಲಿಕ ಶಿಶುಗಳ ವಾರ್ಡುಗಳು ಆಸ್ಪತ್ರೆಗಳ ಒಳಗೇ ಬಂದವು. ಆಂಟಿಬಯೋಟಿಕ್ ಔಷಧಗಳಿಲ್ಲದ ಕಾಲವದು. ಭೇದಿಯೋ ಶ್ವಾಸಕೋಶದ ಸೋಂಕೋ ವಾರ್ಡಿಗೆ ಹೊಕ್ಕರೆ ಒಂದಾದ ಮೇಲೊಂದು ಮಗು ಸಾಯುತ್ತಿತ್ತು. ಹೊರಗಿನ ಕೊಳೆ ತರುವವರು ಯಾರು? ಬಂದು ಹೋಗುವ ಜನ. ಈ ತರ್ಕದಂತೆ ತಾಯಿಯೂ ‘ಹೊರಗಿನವಳು’ ಆದಳು. ದಾದಿ ಒಳಗಿನಿಂದ ಮಗುವನ್ನು ಎತ್ತಿ ಹಿಡಿದಾಗ ತಂದೆತಾಯಿ ಗಾಜಿನಾಚೆಯಿಂದ ನೋಡಿ ಮನೆಗೆ ಹೋಗಬೇಕು; ತೂಕ ಸಾಕಷ್ಟು ಏರಿದ ಮೇಲೆ ಬಂದು ಕರೆದೊಯ್ಯಬೇಕು. ಮೊದಲ ಸಲ ಮಗುವನ್ನು ಮುಟ್ಟುವ ದಿನವೇ ಮನೆಗೆ ಹೊರಡುವ ದಿನವೂ ಆಗುತ್ತಿತ್ತು.

ದೊಡ್ಡ ಮಕ್ಕಳ ವಾರ್ಡುಗಳಲ್ಲಿ ಈ ಕಟ್ಟುಪಾಡು ಮೊದಲು ಸಡಿಲವಾಯಿತು. ಬ್ರಿಟನ್ನಿನ ಪ್ಲಾಟ್ ಸಮಿತಿ 1959ರಲ್ಲಿ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ಹೆತ್ತವರು ಯಾವಾಗ ಬೇಕಾದರೂ ನೋಡುವಂತಿರಬೇಕು, ಚಿಕ್ಕ ಮಕ್ಕಳ ಜೊತೆ ತಾಯಿಯೂ ಉಳಿಯುವಂತಿರಬೇಕು ಎಂದು ಶಿಫಾರಸು ಮಾಡಿತು. ನವಜಾತ ಶಿಶುಗಳ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಆಗಿನ ವ್ಯವಸ್ಥೆಯಲ್ಲಿ ತಾಯಿ ಮತ್ತು ಮಗುವಿನ ಅಂತರ ಎಷ್ಟಿರುತ್ತಿತ್ತೆಂಬುದನ್ನು ಜಗತ್ತು 1963ರ ಆಗಸ್ಟ್‌ನಲ್ಲಿ ನೋಡಿತು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಆಗಸ್ಟ್ 7ರಂದು, ಸುಮಾರು ಐದೂವರೆ ವಾರ ಮುಂಚೆ ಹುಟ್ಟಿದ. ತೂಕ 2.1 ಕಿಲೋ. ಬಲಿಯದ ಶ್ವಾಸಕೋಶದಿಂದ ಉಸಿರಾಡಲಾಗದ ಆ ಶಿಶುವನ್ನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ಸಿಸೇರಿಯನ್ ಆಗಿದ್ದ ತಾಯಿ ಜಾಕ್ವೆಲಿನ್ ಹೆರಿಗೆಯಾದ ವಾಯುನೆಲೆಯ ಆಸ್ಪತ್ರೆಯಲ್ಲೇ ಉಳಿದರು. 39 ಗಂಟೆ ಬದುಕಿ ಮಗು ಕಣ್ಣುಮುಚ್ಚಿತು. ಅಂತ್ಯಕ್ರಿಯೆಗೂ ತಾಯಿ ಹೋಗಲಾಗಲಿಲ್ಲ. ಆ ಸಾವಿನ ನಂತರ ನವಜಾತ ಶಿಶುಗಳ ಉಸಿರಾಟದ ತೊಂದರೆಯ ಸಂಶೋಧನೆಗೆ ವೇಗ ಬಂತು.

ಬಾಗಿಲು ತೆರೆದ ಬಗೆ

ಅಮೆರಿಕದ ಯೇಲ್‌ನಲ್ಲಿ 1960ರಲ್ಲೇ ಲೂಯಿಸ್ ಗ್ಲಕ್ ಆಧುನಿಕ ಮಾದರಿಯ ನವಜಾತ ಶಿಶು ತೀವ್ರ ನಿಗಾ ಘಟಕ ಆರಂಭಿಸಿದ್ದರು. ಸೋಂಕನ್ನು ತಡೆಯುವಲ್ಲಿ ಗೋಡೆಗಿಂತ ಚೆನ್ನಾಗಿ ತೊಳೆದ ಕೈಗಳ ಪಾತ್ರ ದೊಡ್ಡದು ಎಂಬ ಅರಿವು ಬಲವಾಗುತ್ತ ಬಂತು. ಹಾಗಿದ್ದರೆ ಕೈತೊಳೆದು ಬರುವ ತಾಯಿಯನ್ನು ತಡೆಯುವುದೇಕೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಇದನ್ನು ಪರೀಕ್ಷಿಸಿಯೇ ನೋಡಿತು. ತಾಯಂದಿರನ್ನು ಒಳಗೆ ಬಿಟ್ಟರೆ ಸೋಂಕು ಹೆಚ್ಚುವುದಿಲ್ಲವೆಂದು 1970ರಲ್ಲಿ ಪ್ರಕಟವಾದ ಆ ವರದಿ ತಿಳಿಸಿತು.

ತಂಡದಲ್ಲಿದ್ದ ಮಾರ್ಷಲ್ ಕ್ಲೌಸ್ ಮುಂದೆ ಜಾನ್ ಕೆನೆಲ್ ಜೊತೆಗೂಡಿ ತಾಯಿ-ಮಗುವಿನ ಬಾಂಧವ್ಯದ ಬಗ್ಗೆ 1976ರಲ್ಲಿ ಪುಸ್ತಕ ಬರೆದರು. ಹುಟ್ಟಿದ ಮೊದಲ ಗಂಟೆಗಳ ಸ್ಪರ್ಶ ಬಹಳ ಮುಖ್ಯ ಎಂಬ ಅವರ ವಾದ ಅನೇಕ ಆಸ್ಪತ್ರೆಗಳ ಬಾಗಿಲು ತೆರೆಯಿಸಿತು. ಅದರಿಂದ ಒಂದು ನೋವೂ ಹುಟ್ಟಿತು. ಆ ಗಂಟೆಗಳು ಕಳೆದೇಹೋದ ತಾಯಂದಿರು, ಇನ್ನು ತಮಗೂ ಮಗುವಿಗೂ ನಂಟೇ ಬೆಳೆಯದೇನೋ ಎಂದು ಕೊರಗಿದರು. ವಾದ ಅತಿಯಾಯಿತೆಂದು ಟೀಕೆ ಬಂದ ಮೇಲೆ ಲೇಖಕರೇ ಅದನ್ನು ಮೆದುಗೊಳಿಸಿದರು. ಬಾಂಧವ್ಯ ದಿನಗಳಲ್ಲಿ, ತಿಂಗಳುಗಳಲ್ಲಿ ಬೆಳೆಯುತ್ತದೆ. ತಡವಾಗಿ ಎತ್ತಿಕೊಂಡ ಮಗು ಪರಕೀಯವಾಗುವುದಿಲ್ಲ.

ಬಡತನ ಕಲಿಸಿದ ಪಾಠ

ದೊಡ್ಡ ತಿರುವು ಬಂದದ್ದು ಶ್ರೀಮಂತ ದೇಶಗಳಿಂದಲ್ಲ. ಕೊಲಂಬಿಯಾದ ರಾಜಧಾನಿ ಬೊಗೋಟಾದ ಹೆರಿಗೆ ಆಸ್ಪತ್ರೆಯಲ್ಲಿ ಒಂದೊಂದು ಕಾವುಪೆಟ್ಟಿಗೆಯಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸಬೇಕಾದ ಸ್ಥಿತಿ. ಒಂದರ ಸೋಂಕು ಇನ್ನೊಂದಕ್ಕೆ ಹರಡುತ್ತಿತ್ತು. ಡಾ. ಎಡ್ಗರ್ ರೇ 1978ರಲ್ಲಿ, ಅನಂತರ ಡಾ. ಹೆಕ್ಟರ್ ಮಾರ್ಟಿನೆಜ್, ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ, ಎದೆಹಾಲು ಕುಡಿಸಿ, ಬೇಗ ಮನೆಗೆ ಕಳಿಸುವ ಕ್ರಮ ಆರಂಭಿಸಿದರು. ಮರಿಯನ್ನು ಚೀಲದಲ್ಲಿ ಹೊತ್ತು ತಿರುಗುವ ಪ್ರಾಣಿಯ ಹೆಸರೇ ಅದಕ್ಕೆ ಬಂತು: ಕಾಂಗರೂ ಆರೈಕೆ. ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲೂ 1979ರಲ್ಲಿ ದಾದಿಯರ ಕೊರತೆ ಇಂಥದ್ದೇ ದಾರಿ ತೋರಿಸಿತು. ಡಾ. ಆಡಿಕ್ ಲೆವಿನ್ ತಾಯಂದಿರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಮಕ್ಕಳ ದೈನಂದಿನ ಆರೈಕೆಯನ್ನು ಅವರಿಗೇ ವಹಿಸಿದರು.

ಅನುಕೂಲವಿಲ್ಲದ್ದರಿಂದ ಮಾಡಿಕೊಂಡ ಏರ್ಪಾಟು ಅನುಕೂಲಸ್ಥರಿಗೂ ಮಾದರಿಯಾಯಿತು. ಟ್ಯಾಲಿನ್ ನೋಡಿ ಬಂದ ಕೆನಡಾದ ಡಾ. ಶೂ ಲೀ ಅದನ್ನು ತಮ್ಮ ದೇಶಕ್ಕೆ ಹೊಂದಿಸಿದರು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 26 ಘಟಕಗಳಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಕನಿಷ್ಠ ಆರು ಗಂಟೆ ಹೆತ್ತವರು ಮಗುವಿನ ಬಳಿ ಇದ್ದು ಹಾಲು, ಶುಚಿ, ಬಟ್ಟೆ ಬದಲಾವಣೆ ನೋಡಿಕೊಂಡರು. ವೈದ್ಯರ ಸುತ್ತಿನಲ್ಲಿ ಮಗುವಿನ ವರದಿಯನ್ನೂ ಕೊಟ್ಟರು. ಯಂತ್ರ, ರಕ್ತನಾಳದ ಸೂಜಿ ದಾದಿಯರ ಕೈಯಲ್ಲೇ ಇದ್ದವು. ಇಂಥ ಮಕ್ಕಳ ತೂಕ ಚೆನ್ನಾಗಿ ಏರಿತು, ಹೆತ್ತವರ ಆತಂಕ ತಗ್ಗಿತು.

ಬೇಗುದಿಯ ಬೇರು ಯಾವುದು?

ಆತಂಕ ತಗ್ಗಿದ್ದೇಕೆ? ಅಮೆರಿಕದ ಮಾರ್ಗರೆಟ್ ಮೈಲ್ಸ್ ಮತ್ತು ಸಂಗಡಿಗರು 1993ರಲ್ಲಿ ನಿಗಾ ಘಟಕದ ತಂದೆತಾಯಿಯರ ಒತ್ತಡವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಯಂತ್ರಗಳ ಸದ್ದು, ನಳಿಕೆ ತೂರಿಸಿದ ಮಗುವಿನ ರೂಪ, ತಂದೆ ಅಥವಾ ತಾಯಿಯ ಪಾತ್ರವೇ ಕೈತಪ್ಪಿದ್ದು ಎಂದು ಅದರಲ್ಲಿ ಮೂರು ಭಾಗಗಳು. ಅದನ್ನು ಬಳಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಮೇಲೆ ಬಂದದ್ದು ಮೂರನೆಯದು. ಯಂತ್ರದ ಸದ್ದಿಗಿಂತಲೂ, ತನ್ನ ಕೂಸಿಗೆ ತಾನು ಏನೂ ಮಾಡಲಾಗುತ್ತಿಲ್ಲ ಎಂಬುದೇ ಹೆಚ್ಚು ಕಾಡುತ್ತದೆ ಎಂದಾಯಿತು.

ಹೆತ್ತವರೂ ಇದನ್ನೇ ಹೇಳುತ್ತಿದ್ದರು. ಅಕಾಲಿಕ ಮಗುವಿನ ತಾಯಿ, ಲೇಖಕಿ ಹೆಲೆನ್ ಹ್ಯಾರಿಸನ್ ಮುಂತಾದವರು 1992ರಲ್ಲಿ ವೈದ್ಯರೊಡನೆ ಕುಳಿತು ಕೆಲವು ತತ್ವಗಳನ್ನು ರೂಪಿಸಿದರು. ಮುಚ್ಚುಮರೆಯಿಲ್ಲದ ಮಾಹಿತಿ, ನಿರ್ಧಾರಗಳಲ್ಲಿ ಪಾಲು, ಮಗುವಿನ ನೋವಿಗೆ ಪರಿಹಾರ ಅವುಗಳಲ್ಲಿ ಮುಖ್ಯವಾದವು. ಬರ್ನಡೆಟ್ ಮೆಲ್ನಿಕ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 260 ಕುಟುಂಬಗಳಿದ್ದವು. ಅಕಾಲಿಕ ಕೂಸು ಹೇಗೆ ಕಾಣುತ್ತದೆ, ಅದು ಮುಖ ತಿರುಗಿಸಿದರೆ ಅರ್ಥವೇನು, ಯಾವಾಗ ಮುಟ್ಟಬಹುದು ಎಂಬುದನ್ನು ಹೆತ್ತವರಿಗೆ ಧ್ವನಿಸುರುಳಿ ಮತ್ತು ಅಭ್ಯಾಸಗಳ ಮೂಲಕ ಮೊದಲ ದಿನಗಳಿಂದಲೇ ಕಲಿಸಲಾಯಿತು. ಅಂಥವರ ಮಕ್ಕಳು ಸುಮಾರು ನಾಲ್ಕು ದಿನ ಮೊದಲೇ ಘಟಕದಿಂದ ಹೊರಬಂದರು.

ನಮ್ಮ ಬಾಗಿಲುಗಳು

ಭಾರತದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಮೊದಲು ಬಂದದ್ದು 2003ರಲ್ಲಿ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ. ಮುಂದೆ ಇಂಥ ಘಟಕಗಳು ಎಲ್ಲ ರಾಜ್ಯಗಳಲ್ಲೂ ತಲೆಯೆತ್ತಿದವು. ‘ಒಳಗೆ ಪ್ರವೇಶವಿಲ್ಲ’ ಎಂಬ ಫಲಕವೂ ಜೊತೆಗೇ ಬಂತು. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಡಾ. ಆರತಿ ಮಾರಿಯಾ ಮತ್ತು ಸಂಗಡಿಗರು ಹೆತ್ತವರಿಗೆ ಕೈತೊಳೆಯುವುದು, ಹಾಲೂಡಿಸುವುದು, ಅಪಾಯದ ಸೂಚನೆ ಗುರುತಿಸುವುದನ್ನು ಕಲಿಸಿ ಒಳಗೆ ಬಿಟ್ಟರು. ಸೋಂಕು ಹೆಚ್ಚಲಿಲ್ಲ, ಎದೆಹಾಲು ಕುಡಿಯುವ ಮಕ್ಕಳ ಸಂಖ್ಯೆ ಹೆಚ್ಚಿತು. ಕೇಂದ್ರ ಆರೋಗ್ಯ ಇಲಾಖೆ 2017ರಲ್ಲಿ ಕುಟುಂಬ ಸಹಭಾಗಿ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು.

ಕರ್ನಾಟಕದ ಕೊಪ್ಪಳ ಜಿಲ್ಲೆಗೂ ಈ ಇತಿಹಾಸದಲ್ಲಿ ಸ್ಥಾನವಿದೆ. ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಯಲ್ಲಿ ಹರಡುವುದು ಹೇಗೆಂದು ತಿಳಿಯಲು ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ಅಧ್ಯಯನದ ಒಂದು ಕೇಂದ್ರ ಅದು. ಬಾಣಂತಿ ಗಾಳಿಗೆ ಮೈಯೊಡ್ಡಬಾರದು, ಕೋಣೆ ಬಿಟ್ಟು ಬರಬಾರದು ಎನ್ನುವ ಸೀಮೆಯಲ್ಲಿ ಅತ್ತೆ, ಅಜ್ಜಿಯರ ಒಪ್ಪಿಗೆಯಿಲ್ಲದೆ ಇಂಥ ಕೆಲಸ ಸಾಗದು. ಆದರೆ ತಾಯಿ-ಕೂಸು ಒಂದೇ ಬೆಚ್ಚನೆಯ ಕೋಣೆಯಲ್ಲಿರಬೇಕೆಂಬುದು ಆ ಬಾಣಂತನದ್ದೇ ನಿಯಮ. ಆಸ್ಪತ್ರೆ ಮುರಿದದ್ದನ್ನು ಕಾಂಗರೂ ಆರೈಕೆ ಮರಳಿ ಜೋಡಿಸುತ್ತದೆ ಎಂದರೆ ತಪ್ಪಾಗದು.

ಇನ್ನೂ ಬಲವಾದ ಪುರಾವೆ 2021ರಲ್ಲಿ ಬಂತು. ದೆಹಲಿಯ ಸಫ್ದರ್‌ಜಂಗ್ ಸೇರಿ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ 3211 ಶಿಶುಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪ್ರಯೋಗವದು. ಮಗು ಚೇತರಿಸಿಕೊಳ್ಳುವ ತನಕ ಕಾಯದೆ, ನಿಗಾ ಘಟಕದಲ್ಲೇ ತಾಯಿಗೂ ಮಂಚ ಹಾಕಿ, ಹುಟ್ಟಿದ ಕೂಡಲೇ ಎದೆಗವಚಿದಾಗ 28 ದಿನಗಳೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಲಾಭ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸಂಸ್ಥೆ 2022ರಲ್ಲಿ ತನ್ನ ಶಿಫಾರಸನ್ನೇ ಬದಲಿಸಿತು.

ಇಷ್ಟೆಲ್ಲ ತಿಳಿದ ಮೇಲೂ ಬಾಗಿಲು ಮತ್ತೆ ಮುಚ್ಚಬಹುದು ಎಂಬುದನ್ನು 2020ರ ಕೋವಿಡ್ ತೋರಿಸಿತು. ಸೋಂಕಿನ ಭಯ ಎದ್ದೊಡನೆ ಅನೇಕ ದೇಶಗಳಲ್ಲಿ ಹೆತ್ತವರೇ ಮೊದಲು ಹೊರಬಿದ್ದರು. ಬಾಗಿಲು ತೆರೆದಿದ್ದರೂ ಎಲ್ಲರಿಗೂ ಒಳಗೆ ಬರಲಾಗದು. ದಿನಗೂಲಿ ಬಿಟ್ಟು ಬರಲಾರದ ತಂದೆಯಿದ್ದಾನೆ. ಮನೆಯಲ್ಲಿ ಇನ್ನೊಂದು ಮಗುವಿರುವ, ಹೊಲಿಗೆಯ ನೋವಿನಿಂದ ಏಳಲಾರದ ತಾಯಿಯಿದ್ದಾಳೆ. ಬರಲಾಗದಿದ್ದರೆ ಅದು ಅವರ ತಪ್ಪಲ್ಲ. ತಾಯಿಗೊಂದು ಮಂಚ, ಊಟ, ತಂದೆಗೆ ಕೂರಲು ಒಂದು ಕುರ್ಚಿ ಒದಗಿಸುವುದು ಆಸ್ಪತ್ರೆಯ ಹೊಣೆಯೇ.

ಕಾಲಿನ ಮೇಲೆ ಅಂಗೈ ಇಡುವುದು, ಹಿಂಡಿದ ಹಾಲಿನ ಕೆಲವು ತೊಟ್ಟು ತಂದುಕೊಡುವುದು, ಮೆಲುದನಿಯಲ್ಲಿ ಹೆಸರು ಕರೆಯುವುದು ದೊಡ್ಡ ಕೆಲಸಗಳಾಗಿ ಕಾಣದಿರಬಹುದು. ಎಲ್ಲ ಕೂಸುಗಳೂ ಉಳಿಯುವುದಿಲ್ಲ ಎಂಬುದೂ ನಿಜ. ಆದರೂ ಹೊರಗಿನ ಬೆಂಚಿನಲ್ಲಿ ಕುಳಿತವರಿಗೆ ‘ಧೈರ್ಯವಾಗಿರಿ’ ಎನ್ನುವ ಮೊದಲು, ‘ಕೈತೊಳೆದು ಒಳಗೆ ಬನ್ನಿ’ ಎನ್ನಬೇಕಾಗಿದೆ.