ಅಂಗೈಯೊಳಗಣ ದಶಾವತಾರ

ಖಾನಾಪುರ ತಾಲೂಕಿನ ಹಲಸಿಗೆ ಹೋದವರು ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯವನ್ನು ನೋಡದೆ ಬರುವುದಿಲ್ಲ. ಅರೆ ಮೃಗ, ಅರೆ ಮಾನವನಾದ ಆ ಅದ್ಭುತ ರೂಪಕ್ಕೆ ಕಲ್ಲಿನಲ್ಲಿ ಕಂಡಾಗ ಕೈಮುಗಿಯುತ್ತೇವೆ. ಅದೇ ವರಾಹ, ಅದೇ ನರಸಿಂಹ ಆಟದ ಎಲೆಯ ಮೇಲೆ ಬಂದರೆ ಮಾತ್ರ ನಮಗೆ ಜೂಜಿನ ನೆನಪಾಗುತ್ತದೆ. ಚಿತ್ರ ಕಣ್ಣಿಗೆ ಬೀಳುವುದಿಲ್ಲ.

ಬೆಳಗಾವಿಯಿಂದ ಪಶ್ಚಿಮಕ್ಕೆ ಹೊರಟು ಅಂಬೋಲಿ ಘಟ್ಟವಿಳಿದರೆ ಸಾವಂತವಾಡಿ. ಗಂಜೀಫಾ ಎಲೆಗಳಿಗೆ ಹೆಸರಾದ ಊರು. 1527ರಲ್ಲಿ ಬಾಬರನು ಸಿಂಧದ ಶಾ ಹಸನನಿಗೆ ಗಂಜೀಫಾ ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಹೊರಗಿನಿಂದ ಬಂದ ಆ ಆಟ ಇಲ್ಲಿ ದಶಾವತಾರದ ವೇಷ ತೊಟ್ಟಿತು. ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಪ್ರತಿಯೊಂದು ಪಂಗಡಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ಹಗಲಾಟಕ್ಕೆ ರಾಮ ಮುಂದು, ಇರುಳಾಟಕ್ಕೆ ಕೃಷ್ಣ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ವರ್ಣಿಸಿದ ಇಂಥ ಆಟಗಳಲ್ಲಿ ದೊಡ್ಡದಕ್ಕೆ 360 ಎಲೆ!

ಹುಣಸೆ ಬೀಜದ ಅಂಟು ಬಳಿದು ಗಟ್ಟಿಮಾಡಿದ ದುಂಡನೆಯ ಎಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಆಟಗಾರ ಒಂದೇ ನೋಟಕ್ಕೆ ಗುರುತಿಸಬೇಕಾದುದರಿಂದ ಚಿತ್ರಗಾರನಿಗೆ ಅತಿ ವಿವರ ಸಲ್ಲದು. ಒಂದು ಮೀನು, ಒಂದು ಆಮೆ, ಒಂದು ಕೊಡಲಿ—ಇಷ್ಟರಲ್ಲೇ ಅವತಾರ ತಿಳಿಯಬೇಕು. ಹತ್ತು ಮೀನುಗಳನ್ನು ಇಕ್ಕಟ್ಟಿಲ್ಲದೆ ಆ ದುಂಡಿನೊಳಗೆ ಹೊಂದಿಸುವುದು ಸಾಮಾನ್ಯ ವಿದ್ಯೆಯೇ?

ಅಚ್ಚಿನ ಅಗ್ಗದ ಇಸ್ಪೀಟು ಬಂದು ಕೈಬರಹದ ಎಲೆಯನ್ನು ಹಿಂದೂಡಿತು. ಸಾವಂತವಾಡಿಯಲ್ಲಿ ಅರಮನೆಯ ಆಶ್ರಯದಿಂದ ಅದು ಇನ್ನೂ ಉಳಿದಿದೆ. ಆದರೆ ಕೊಂಡವರು ಗಾಜಿನೊಳಗಿಟ್ಟು ನೋಡುವವರೇ ಹೊರತು ಆಡಬಲ್ಲವರಲ್ಲ. ಗುಡಿಯ ಶಿಲ್ಪವನ್ನು ದೂರ ನಿಂತು ನೋಡಬಹುದು. ಎಲೆಯ ಚಿತ್ರವನ್ನು ಕೈಯಲ್ಲಿ ಹಿಡಿದೇ ನೋಡಬೇಕು.