ನೇರ ಟಿಕೆಟ್ಟಿನ ಲೆಕ್ಕ

ಕಳೆದ ಯುಗಾದಿಯಂದು ವಿಟ್ಬಿಯ ಗೆಳೆಯರ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿಯುವ ಹೊತ್ತಿಗೆ ಮಾತು ವಲಸೆಯತ್ತ ತಿರುಗಿತು. "ನಾವು ಪಾಯಿಂಟ್ಸ್ ಗಳಿಸಿ ಕ್ರಮವಾಗಿ ಬಂದವರು. ಇನ್ನು ಬಾಗಿಲು ಹಾಕಲೇಬೇಕು" ಎಂದರು ಒಬ್ಬರು. ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ಆ 'ಕ್ರಮ'ದ ಹಳೆಯ ಲೆಕ್ಕ ತೆಗೆದು ನೋಡಿದೆ. ವೃತ್ತಿಯ ಚಟ.

1908ರ ಜನವರಿಯಲ್ಲಿ ಕೆನಡಾ ಒಂದು ಆಜ್ಞೆ ಹೊರಡಿಸಿತು. ಹುಟ್ಟಿದ ಅಥವಾ ಪೌರತ್ವದ ದೇಶದಲ್ಲೇ ನೇರ ಟಿಕೆಟ್ ಕೊಂಡು, ಎಲ್ಲೂ ಪ್ರಯಾಣ ಮುರಿಯದೆ ಬಂದವರಿಗೆ ಮಾತ್ರ ಪ್ರವೇಶ. ಅದರಲ್ಲಿ 'ಭಾರತೀಯ' ಎಂಬ ಪದವೇ ಇಲ್ಲ. ನಮ್ಮವರೂ ಬ್ರಿಟಿಷ್ ಪ್ರಜೆಗಳೇ. ಹೆಸರು ಹಿಡಿದು ತಡೆದರೆ ಸಾಮ್ರಾಜ್ಯಕ್ಕೆ ಮುಜುಗರ. ಕಲ್ಕತ್ತೆಯಿಂದ ವ್ಯಾಂಕೂವರಿಗೆ ನೇರ ಟಿಕೆಟ್ ಕೊಡಬಹುದಾಗಿದ್ದ ಕೆನೇಡಿಯನ್ ಪೆಸಿಫಿಕ್ ಕಂಪನಿ ಅದನ್ನು ಮಾರದಂತೆ ಸರ್ಕಾರವೇ ನೋಡಿಕೊಂಡಿತು. ಕೈಯಲ್ಲಿ ತೋರಿಸಬೇಕಾದ ಹಣವೂ 25 ಡಾಲರಿನಿಂದ 200ಕ್ಕೇರಿತು. 1907-08ರಲ್ಲಿ ಭಾರತದಿಂದ ಬಂದವರು ಎರಡೂವರೆ ಸಾವಿರಕ್ಕೂ ಹೆಚ್ಚು. ಮರುವರ್ಷ 6 ಜನ. ಇಷ್ಟು ಅಚ್ಚುಕಟ್ಟಾದ ತಃಖ್ತೆಯನ್ನು ನಾನು ಆಡಿಟ್‌ನಲ್ಲೂ ಕಂಡಿಲ್ಲ.

1914ರ ಮೇ 23ರಂದು 376 ಜನರನ್ನು ಹೊತ್ತ ಕೊಮಗಾಟ ಮಾರು ಹಡಗು ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು, ಹೊರಟದ್ದು ಹಾಂಗ್‌ಕಾಂಗಿನಿಂದ. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಇಳಿದರು. ಉಳಿದವರನ್ನು ಎರಡು ತಿಂಗಳು ನೀರಿನಲ್ಲೇ ಇರಿಸಿ, ಯುದ್ಧನೌಕೆಯ ಕಾವಲಲ್ಲಿ ವಾಪಸು ಕಳಿಸಿದರು. ಕಲ್ಕತ್ತೆ ಬಳಿಯ ಬಜ್ ಬಜ್‌ನಲ್ಲಿ ನಡೆದ ಗೋಲಿಬಾರಿಗೆ ಸುಮಾರು 20 ಪ್ರಯಾಣಿಕರು ಬಲಿಯಾದರು. ಸಂಸತ್ತಿನಲ್ಲಿ ಪ್ರಧಾನಿ ಕ್ಷಮೆ ಕೇಳಿದ್ದು 2016ರಲ್ಲಿ.

1951ರ ಒಪ್ಪಂದದಂತೆ ಇಡೀ ಭಾರತಕ್ಕೆ ವರ್ಷಕ್ಕೆ 150 ಜಾಗ, ಆಮೇಲೆ 300. ಪಾಯಿಂಟ್ಸ್ ಪದ್ಧತಿ ಬಂದದ್ದು 1967ರಲ್ಲಿ, ನೂರಕ್ಕೆ ಐವತ್ತು ಬಂದರೆ ಪಾಸು. ನಾವು ಹೆಮ್ಮೆಪಡುವ ಕ್ರಮಕ್ಕೆ ಇನ್ನೂ ಸುಮಾರು ಅರವತ್ತು ವರ್ಷ.

ಹಾಗೆಂದು ಬಾಗಿಲೇ ಬೇಡ ಎನ್ನಲಾರೆ. ಬಾಗಿಲು ತೆರೆದೇ ಇದ್ದ 1847ರಲ್ಲಿ, ಸುಮಾರು 20 ಸಾವಿರ ಜನರಿದ್ದ ಟೊರಾಂಟೊಗೆ ಬರಗಾಲದ ಐರ್ಲೆಂಡಿನಿಂದ 38 ಸಾವಿರ ಜನ ಬಂದಿಳಿದರು. ಟೈಫಸ್ ಜ್ವರಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರ ಆರೈಕೆಗೆ ನಿಂತವರೂ ಸತ್ತರು. ಮನೆ, ಆಸ್ಪತ್ರೆ ಎಷ್ಟಿವೆ ಎಂದು ಎಣಿಸಿ ಮಿತಿ ಹಾಕಿದರೆ ಒಪ್ಪುತ್ತೇನೆ. 1908ರ ಆಜ್ಞೆ ಏನನ್ನೂ ಎಣಿಸಲಿಲ್ಲ. ಯಾರು ಬೇಡವೆಂದು ಮೊದಲೇ ತೀರ್ಮಾನಿಸಿ, ಆಮೇಲೆ ನಿಯಮ ಬರೆಯಿತು.

ನಾನು ಅರ್ಜಿ ಹಾಕಿದಾಗಲೂ ಕೈಯಲ್ಲಿ ಹಣವಿದೆಯೆಂದು ತೋರಿಸಬೇಕಿತ್ತು. ಅಪ್ಪ ಸೈಟು ಮಾರಿ ಕೊಟ್ಟಿದ್ದರು. ಆ ಕಾಲದ 200 ಡಾಲರನ್ನೂ ಹೇಗೋ ಹೊಂದಿಸುತ್ತಿದ್ದೆನೇನೊ. ಆದರೆ ನಾನು ಬಂದದ್ದು ಬೆಂಗಳೂರಿನಿಂದಲ್ಲ. ಆರು ವರ್ಷ ದುಬೈಯಲ್ಲಿ ದುಡಿದು, ಅಲ್ಲಿಂದ. ಬಾಗಿಲು ಹಾಕಬೇಕೆಂದವರು ಬಂದದ್ದು ಮಸ್ಕತ್ತಿನಿಂದ. ಇಬ್ಬರದೂ ಮುರಿದ ಪ್ರಯಾಣವೇ.