ಬಸಿರಿನ ಒಡೆತನ: ಶಿಕಾರಿಪುರ–ಸೊರಬ ಸೀಮೆಯ ಹಿನ್ನೆಲೆಯಲ್ಲಿ ಗುಪ್ತ ಗರ್ಭನಿರೋಧದ ಚರಿತ್ರೆ

1. ವಿಷಯ ಪ್ರವೇಶ

ಗರ್ಭವನ್ನು ಧರಿಸುವವಳೂ ಪ್ರಸವವೇದನೆಯನ್ನು ಸಹಿಸುವವಳೂ ಹಡೆದುದನ್ನು ಸಾಕಿ ಸಲಹುವವಳೂ ಹೆಣ್ಣೇ ಆಗಿದ್ದರೂ, ಯಾವಾಗ ಬಸಿರಾಗಬೇಕು, ಎಷ್ಟು ಸಲ ಆಗಬೇಕು, ಯಾವಾಗ ಸಾಕೆನ್ನಬೇಕು ಎಂಬ ನಿರ್ಣಯವು ನಮ್ಮ ಗೃಹಜೀವನದ ಚರಿತ್ರೆಯಲ್ಲಿ ಬಹುಕಾಲ ಅವಳ ಕೈಯಲ್ಲಿರಲಿಲ್ಲ. ಮಗು ಬೇಕೆಂದು ಗಂಡನಾಗಲಿ ಅತ್ತೆ ಮಾವಂದಿರಾಗಲಿ ಅವಳನ್ನು ಬಲವಂತಪಡಿಸುವುದು, ಗುಳಿಗೆಯನ್ನು ಕಿತ್ತೆಸೆಯುವುದು, ಗರ್ಭಾಶಯದೊಳಗೆ ಹಾಕಿಸಿಕೊಂಡ ವಂಕಿಯನ್ನು (ಲೂಪ್) ತೆಗೆಸುವುದು, ಗಂಡುಮಗು ಹುಟ್ಟದಿದ್ದರೆ ಇನ್ನೊಬ್ಬಳನ್ನು ತರುವೆನೆಂದು ಹೆದರಿಸುವುದು, ಇಲ್ಲವೆ ಬೇಡದ ಬಸಿರೆಂದು ಅವಳ ಇಚ್ಛೆಗೆ ವಿರುದ್ಧವಾಗಿ ತೆಗೆಸುವುದು, ಇವೆಲ್ಲವೂ ಒಂದೇ ದಬ್ಬಾಳಿಕೆಯ ಬೇರೆ ಬೇರೆ ರೂಪಗಳು. ಇದನ್ನು ಸಂತಾನ ಬಲಾತ್ಕಾರವೆಂದು ಕರೆಯಬಹುದು. ವಿದ್ವತ್ಪ್ರಪಂಚವು ಅದನ್ನು ಪ್ರತ್ಯೇಕವಾಗಿ ಗುರುತಿಸಿ ಅಳೆಯತೊಡಗಿದುದು ಇತ್ತೀಚೆಗೆ, 2010ರಲ್ಲಿ ಅಮೆರಿಕದ ವೈದ್ಯೆ ಎಲಿಜಬೆತ್ ಮಿಲ್ಲರ್ ಮತ್ತು ಅವರ ಸಹಸಂಶೋಧಕರು ತಮ್ಮ ಅಧ್ಯಯನವನ್ನು ಪ್ರಕಟಿಸಿದ ಮೇಲೆ. ಆದರೆ ಆ ನಡೆ ಪುರಾತನವಾದುದು. ಅದಕ್ಕೆ ಪ್ರತಿಯಾಗಿ ಹೆಂಗಸರು ಗಂಡನಿಗೆ ತಿಳಿಯದಂತೆ ಗರ್ಭವನ್ನು ತಡೆದುಕೊಂಡು ಬಂದುದೂ ಅಷ್ಟೇ ಪುರಾತನವಾದುದು.

ಈ ವಿಚಾರವನ್ನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲೆಯಿಂದ ನೋಡುವುದಕ್ಕೆ ಕಾರಣವುಂಟು. ಬಯಲುಸೀಮೆಯೂ ಮಲೆನಾಡೂ ಸಂಧಿಸುವ ಈ ಅರೆಮಲೆನಾಡು ತಾಳಗುಂದ, ಬಳ್ಳಿಗಾವಿ, ಉಡುತಡಿ, ಚಂದ್ರಗುತ್ತಿಗಳಂತಹ ಪ್ರಾಚೀನ ಸ್ಥಳಗಳನ್ನು ಒಡಲಲ್ಲಿಟ್ಟುಕೊಂಡಿರುವುದಲ್ಲದೆ, ಸಂತಾನನಿಯಂತ್ರಣಕ್ಕಾಗಿ ಸರಕಾರಿ ಆಸ್ಪತ್ರೆಯ ಬಾಗಿಲನ್ನು ಜಗತ್ತಿನಲ್ಲೇ ಮೊದಲಾಗಿ ತೆರೆದ ಹಳೆಯ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿದ್ದ ಪ್ರದೇಶವಾಗಿದೆ.

2. ಪ್ರಾಚೀನ ಆಧಾರಗಳು

ಗರ್ಭನಿರೋಧದ ವಿಚಾರವು ನಮ್ಮಲ್ಲಿ ಪಾಶ್ಚಾತ್ಯರಿಂದ ಬಂದ ಹೊಸ ಸರಕೆಂದು ತಿಳಿಯುವುದು ತಪ್ಪು. ಬೃಹದಾರಣ್ಯಕೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಪತ್ನಿಯು ಗರ್ಭ ಧರಿಸದಿರಲೆಂದು ಪುರುಷನು ಬಯಸಿದಾಗ ಆಚರಿಸಬೇಕಾದ ವಿಧಿಯಿದೆ. ಧರಿಸಲೆಂದು ಬಯಸಿದಾಗ ಆಚರಿಸಬೇಕಾದ ವಿಧಿಯೂ ಇದೆ. ಎರಡರಲ್ಲಿಯೂ ಬಯಸುವವನು ಪುರುಷನೇ. ಅದೇ ಪ್ರಕರಣದಲ್ಲಿ, ಆಕೆ ಒಲಿಯದಿದ್ದರೆ ಉಡುಗೊರೆಯಿಂದ ಒಲಿಸಬೇಕೆಂದೂ ಅದಕ್ಕೂ ಒಪ್ಪದಿದ್ದರೆ ಕೋಲಿನಿಂದಲೋ ಕೈಯಿಂದಲೋ ಹೊಡೆದು ವಶಪಡಿಸಿಕೊಳ್ಳಬೇಕೆಂದೂ ಹೇಳಿರುವುದನ್ನು ಓದಿದಾಗ, ಸಂತಾನಸಂಕಲ್ಪವೂ ಬಲಪ್ರಯೋಗವೂ ಎಷ್ಟು ಹಿಂದಿನಿಂದ ಒಂದರೊಡನೊಂದು ಹೆಣೆದುಕೊಂಡಿವೆಯೆಂಬುದು ಮನಸ್ಸಿಗೆ ನಾಟುತ್ತದೆ.

ಇದಕ್ಕೆ ಎದುರಾದ ಸ್ವರವೊಂದು ಶಿಕಾರಿಪುರ ತಾಲ್ಲೂಕಿನ ಮಣ್ಣಿನಿಂದಲೇ ಹೊರಟಿತು. ಉಡುತಡಿಯ ಅಕ್ಕಮಹಾದೇವಿಯು ರಾಜ ಕೌಶಿಕನ ಮನೆಗೆ ಹೋಗಲು ತಾನೇ ನಿಯಮಗಳನ್ನು ವಿಧಿಸಿದಳೆಂದೂ, ಅವನು ಅವುಗಳನ್ನು ಮೂರು ಸಲ ಮೀರಲು ಅವನನ್ನೂ ಅರಮನೆಯನ್ನೂ ತೊರೆದು ನಡೆದಳೆಂದೂ ಹರಿಹರನ ರಗಳೆ ಹೇಳುತ್ತದೆ. ದಾಂಪತ್ಯದೊಳಗೂ ಹೆಣ್ಣಿನ ಮೈಗೆ ಅವಳದೇ ಕಟ್ಟಳೆಯುಂಟೆಂಬ ಭಾವವು ಕನ್ನಡ ಸಾಹಿತ್ಯದಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿದ ಪ್ರಸಂಗಗಳು ವಿರಳ. ಆದರೆ ಅಕ್ಕನಿಗೆ ಹೊರಟುಹೋಗುವುದು ಸಾಧ್ಯವಾಯಿತು. ಮಡಿಲಲ್ಲಿ ಕೂಸನ್ನಿಟ್ಟುಕೊಂಡ ಸಾಮಾನ್ಯ ಗೃಹಿಣಿಗೆ ಅದು ಸಾಧ್ಯವಿರಲಿಲ್ಲ. ಹೊರಡಲಾರದವಳಿಗೆ ಉಳಿದ ಮಾರ್ಗ ಗೋಪ್ಯವೊಂದೇ.

ಬಳ್ಳಿಗಾವಿಯ ಕೋಡಿಯ ಮಠವು ವಿದ್ಯಾದಾನದೊಂದಿಗೆ ದೀನರೋಗಿಗಳ ಶುಶ್ರೂಷೆಯನ್ನೂ ನಡೆಸುತ್ತಿದ್ದುದನ್ನು 1162ರ ಶಾಸನ ಹೊಗಳುತ್ತದೆ. ಹೀಗೆ ಚಿಕಿತ್ಸೆಯನ್ನು ಧರ್ಮವೆಂದು ಬಗೆದ ನಾಡಿನಲ್ಲಿಯೂ ಬಸಿರು ಬಾಣಂತನಗಳ ವೈದ್ಯವು ಮಠದ ಹೊರಗೆ, ಸೂಲಗಿತ್ತಿಯ ಕೈಯಲ್ಲಿ, ಬರೆಹಕ್ಕೆ ಬಾರದೆ ಉಳಿಯಿತು. ತಿಂಗಳು ತಪ್ಪಿದವಳು ಎಳ್ಳು, ಬೆಲ್ಲ ಮೊದಲಾದ ಉಷ್ಣಪದಾರ್ಥಗಳನ್ನು ಗುಟ್ಟಾಗಿ ತಿನ್ನುವುದು, ಮೊಲೆಯುಣಿಸುವ ಕಾಲವನ್ನು ದೀರ್ಘವಾಗಿಸುವುದು, ಬಾಣಂತನದ ನೆಪದಲ್ಲಿ ತವರಿನಲ್ಲಿ ಇನ್ನೂ ಕೆಲವು ತಿಂಗಳು ನಿಲ್ಲುವುದು ಮೊದಲಾದ ಉಪಾಯಗಳು ತಾಯಿಯಿಂದ ಮಗಳಿಗೆ ಬಾಯಿಂದ ಬಾಯಿಗೆ ಹರಿದು ಬಂದವು. ಇವುಗಳಲ್ಲಿ ಕೆಲವು ನಿಷ್ಫಲವಾದವು, ಕೆಲವು ಪ್ರಾಣಕ್ಕೇ ಎರವಾದವು. ಆದರೂ ತವರುಮನೆಯು ಕೇವಲ ವಿಶ್ರಾಂತಿಯ ಸ್ಥಾನವಾಗಿರದೆ, ಎರಡು ಬಸಿರುಗಳ ನಡುವೆ ಅಂತರವನ್ನು ದೊರಕಿಸಿಕೊಡುವ ಆಶ್ರಯವೂ ಆಗಿದ್ದುದನ್ನು ಇತಿಹಾಸಕಾರನು ಗಮನಿಸಬೇಕು.

3. ಮೈಸೂರು ಸಂಸ್ಥಾನದ ಕಾಲ

ಗೃಹದೊಳಗಿನ ವಿಷಯಗಳಲ್ಲಿ ಕಾನೂನು ಮಾಡಲು ಮೈಸೂರು ಸರಕಾರ ಹಿಂಜರಿಯಲಿಲ್ಲ. 1894ರ ಶಿಶುವಿವಾಹ ನಿಷೇಧದ ಕಟ್ಟಳೆಯು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ತಡೆಯಿತು. 1933ರ ಕಾನೂನು ಹಿಂದೂ ಸ್ತ್ರೀಯರಿಗೆ ಆಸ್ತಿಯ ಹಕ್ಕನ್ನು ವಿಸ್ತರಿಸಿತು. ಇವೆರಡರ ನಡುವೆ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ 11ರಂದು ಸಂಸ್ಥಾನದ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಟಿತು. ಸರಕಾರವೊಂದು ಇಂತಹ ಕಾರ್ಯಕ್ಕೆ ಕೈಹಾಕಿದುದು ಪ್ರಪಂಚದಲ್ಲಿಯೇ ಇದು ಮೊದಲೆಂದು ಚರಿತ್ರಕಾರರು ಎಣಿಸುತ್ತಾರೆ.

ಶಿಕಾರಿಪುರ ಸೊರಬಗಳ ಕಡೆಯಿಂದ ನೋಡಿದರೆ ಇದರಲ್ಲೊಂದು ವೈಚಿತ್ರ್ಯವಿದೆ. ಮಲೇರಿಯಾದ ಹಾವಳಿಯಿಂದ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆಯು ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಇಳಿಯುತ್ತ ಬಂದುದರಿಂದ, ಮಲೆನಾಡು ಬರಿದಾಗುತ್ತಿದೆಯೆಂಬ ಚಿಂತೆ ಸರಕಾರವನ್ನು ಕಾಡಿ ಮಲೆನಾಡು ಅಭಿವೃದ್ಧಿಯ ಯೋಜನೆ ಹುಟ್ಟಿತ್ತು. ಹೀಗೆ ಒಂದೇ ಸಂಸ್ಥಾನವು ಒಂದು ಕಡೆ ಜನ ಕಡಿಮೆಯಾದರೆಂದು ಕಳವಳಗೊಂಡು, ಇನ್ನೊಂದು ಕಡೆ ಜನ ಹೆಚ್ಚಾಗಬಾರದೆಂದು ಚಿಕಿತ್ಸಾಲಯ ತೆರೆಯಿತು. ಎರಡೂ ಚಿಂತೆಗಳಿಗೆ ವಿಷಯವಾದುದು ಜನಸಂಖ್ಯೆ. ಚಳಿಜ್ವರದಲ್ಲಿ ನಡುಗುತ್ತ ಐದನೆಯದೋ ಆರನೆಯದೋ ಹೆರಿಗೆಗೆ ಸಿದ್ಧಳಾಗುತ್ತಿದ್ದ ಮಲೆನಾಡಿನ ತಾಯಿಯ ಇಚ್ಛೆಯೇನೆಂಬ ಪ್ರಶ್ನೆ ಆ ಎರಡು ಚಿಂತೆಗಳ ನಡುವೆ ಕೇಳಿಬರಲಿಲ್ಲ.

ಆ ಪ್ರಶ್ನೆ ಸ್ಫುಟವಾಗಿ ಕೇಳಿಬಂದುದು 1935ರ ಡಿಸೆಂಬರಿನಲ್ಲಿ, ವಾರ್ಧಾದಲ್ಲಿ ಅಮೆರಿಕದ ಸಂತಾನನಿಯಂತ್ರಣ ಚಳವಳಿಯ ನಾಯಕಿ ಮಾರ್ಗರೆಟ್ ಸ್ಯಾಂಗರ್ ಗಾಂಧೀಜಿಯವರನ್ನು ಕಂಡಾಗ. ಪತಿಯ ಬಲವಂತಕ್ಕೆ ಹೆಂಡತಿಯು ಒಲ್ಲೆನೆಂದು ಹೇಳಲು ಕಲಿಯಬೇಕೆಂಬುದು ಗಾಂಧೀಜಿಯವರ ನಿಲುವು. ಅವಳ ಕೈಗೆ ಸಾಧನವನ್ನು ಕೊಡಬೇಕೆಂಬುದು ಸ್ಯಾಂಗರರ ನಿಲುವು. ಪರಿಹಾರದಲ್ಲಿ ಭೇದವಿದ್ದರೂ, ದಾಂಪತ್ಯದೊಳಗೆ ಬಲವಂತವಿದೆಯೆಂಬ ನಿದಾನದಲ್ಲಿ ಇಬ್ಬರಿಗೂ ಸಹಮತವಿತ್ತು. ಈ ಒಪ್ಪಿಗೆಯನ್ನು ಮುಂದಿನ ಯೋಜನಾಕರ್ತರು ಮರೆತರು.

4. ಯೋಜನಾಯುಗ: ದಂಪತಿಗಳಿಂದ ಗುರಿಯವರೆಗೆ

1952ರಲ್ಲಿ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಅಂಗೀಕರಿಸಿತು. ಆರೋಗ್ಯಮಂತ್ರಿಣಿ ರಾಜಕುಮಾರಿ ಅಮೃತ ಕೌರರ ಆಸಕ್ತಿಯಿಂದ ವಿಶ್ವ ಆರೋಗ್ಯ ಸಂಸ್ಥೆಯು ಋತುಚಕ್ರದ ಸುರಕ್ಷಿತ ದಿನಗಳ ಪದ್ಧತಿಯನ್ನು ಪರೀಕ್ಷಿಸಲು ಆರಿಸಿಕೊಂಡ ಸ್ಥಳಗಳಲ್ಲಿ ನಮ್ಮ ರಾಮನಗರವೂ ಒಂದು. ದಿನಗಳನ್ನು ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರಗಳನ್ನು ಕೊಟ್ಟರು, ಪ್ರಯೋಗ ಫಲಿಸಲಿಲ್ಲ. ಮಣಿಗಳನ್ನು ಎಣಿಸುವುದು ಹೆಂಡತಿಯಿಂದ ಸಾಧ್ಯ, ಆದರೆ ನಿಷಿದ್ಧ ದಿನದಲ್ಲಿ ದೂರವಿರುವುದು ಗಂಡನ ಒಪ್ಪಿಗೆಯಿಲ್ಲದೆ ಅಸಾಧ್ಯ. 1968ರಲ್ಲಿ ಪ್ರಚಾರಕ್ಕೆ ಬಂದ ನಿರೋಧ್ ಕಾಂಡೋಮ್ ಕೂಡ ಗಂಡನ ಮನಸ್ಸನ್ನೇ ಅವಲಂಬಿಸಿತ್ತು. ಇವೆರಡಕ್ಕಿಂತ ಭಿನ್ನವಾಗಿ, 1965ರಲ್ಲಿ ಬಂದ ವಂಕಿಯು ಹೆಣ್ಣಿನ ದೇಹದೊಳಗೆ ಅದೃಶ್ಯವಾಗಿರಬಲ್ಲುದಾಗಿತ್ತು. ಗಂಡನಿಗೆ ತಿಳಿಸದೆ ಇರಿಸಿಕೊಳ್ಳಬಹುದಾದ ವೈದ್ಯಕೀಯ ಸಾಧನವು ಹಳ್ಳಿಯ ಹೆಂಗಸಿಗೆ ವ್ಯಾಪಕವಾಗಿ ದೊರೆತುದು ಅಲ್ಲಿಂದ ಮುಂದೆ.

ಆದರೆ ರಾಜ್ಯಯಂತ್ರವು ಹೆಣ್ಣಿನ ಇಚ್ಛೆಗಿಂತ ಸಂಖ್ಯೆಯ ಗುರಿಯನ್ನು ದೊಡ್ಡದಾಗಿ ಕಂಡಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಪಾಲು ಗಂಡಸರವು. ಜನರ ಕೋಪಕ್ಕೆ ಸರಕಾರವೇ ಉರುಳಿದ ಮೇಲೆ ಕಾರ್ಯಕ್ರಮವು ಗಂಡಸರ ತಂಟೆಯನ್ನು ಬಿಟ್ಟು ಹೆಂಗಸರ ಕಡೆಗೆ ತಿರುಗಿತು. ಇದರ ಪರಿಣಾಮ ಇಂದಿಗೂ ಕಣ್ಣಿಗೆ ರಾಚುತ್ತದೆ: 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಶೇ 57.4ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಶೂನ್ಯಕ್ಕೆ ಸಮೀಪ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಮಾತು ಮನೆಮಾತಾದ ನಾಡಿನಲ್ಲಿ, ಕೀರ್ತಿಗೊಬ್ಬನು ಹುಟ್ಟುವ ತನಕ ಆಪರೇಷನ್ನಿಗೆ ಸಮ್ಮತಿ ಸಿಗದು, ಹುಟ್ಟಿದ ಮೇಲೆ ಅದರಿಂದ ತಪ್ಪಿಸಿಕೊಳ್ಳಲೂ ಆಗದು. ಎರಡು ಘಟ್ಟಗಳಲ್ಲಿಯೂ ನಿರ್ಣಯ ಅನ್ಯರದು.

5. ಗೋಪ್ಯದ ಅರ್ಥವೂ ಅದರ ಬೆಲೆಯೂ

ಉತ್ತರಪ್ರದೇಶದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಎಂಟು ಮಂದಿ ವಿವಾಹಿತೆಯರಲ್ಲಿ ಒಬ್ಬಳು ಗಂಡನಿಂದಲೋ ಅತ್ತೆಮನೆಯವರಿಂದಲೋ ಸಂತಾನ ಬಲಾತ್ಕಾರವನ್ನು ಅನುಭವಿಸಿದುದಾಗಿ ಹೇಳಿದಳು. ಆಫ್ರಿಕದ ಸಹಾರಾ ದಕ್ಷಿಣದ ದೇಶಗಳಲ್ಲಿ ಗರ್ಭನಿರೋಧ ಬಳಸುವವರ ಪೈಕಿ ಶೇ 6ರಿಂದ 20ರಷ್ಟು ಮಂದಿ ಗುಟ್ಟಾಗಿ ಬಳಸುತ್ತಾರೆಂದು 1998ರ ಅಧ್ಯಯನ ಅಂದಾಜು ಮಾಡಿತು. ನಮ್ಮ ರಾಜ್ಯದಲ್ಲಿ ಹದಿನೆಂಟರಿಂದ ನಲವತ್ತೊಂಬತ್ತು ವಯಸ್ಸಿನ ವಿವಾಹಿತೆಯರಲ್ಲಿ ಶೇ 44ರಷ್ಟು ಮಂದಿ ಪತಿಯ ಹಿಂಸೆಯನ್ನು ಅನುಭವಿಸಿದವರೆಂದು ಮೇಲೆ ಹೇಳಿದ ಸಮೀಕ್ಷೆ ತಿಳಿಸುತ್ತದೆ. ಆ ಸಮೀಕ್ಷೆಯಲ್ಲಿ ದೇಶದಲ್ಲಿಯೇ ಅತಿ ಹೆಚ್ಚಿನ ಪ್ರಮಾಣ ಇದಾಗಿತ್ತು. ಪೆಟ್ಟಿನ ಭಯವಿರುವ ಮನೆಯಲ್ಲಿ ಹೆಣ್ಣು ಗಂಡನೊಡನೆ ಮಾತಾಡಿ ತೀರ್ಮಾನಿಸಲೆಂದು ಉಪದೇಶಿಸುವುದು ಸುಲಭ, ನಡೆಯುವುದು ದುಸ್ತರ.

ಮೂರು ತಿಂಗಳಿಗೊಮ್ಮೆ ಪಡೆಯುವ ‘ಅಂತರಾ’ ಚುಚ್ಚುಮದ್ದನ್ನು 2017ರಲ್ಲಿ ಸರಕಾರವು ತನ್ನ ಕಾರ್ಯಕ್ರಮಕ್ಕೆ ಸೇರಿಸಿದಾಗ, ಗುರುತು ಉಳಿಯದಿರುವುದೇ ಅದರ ಗುಣವೆಂದು ಹಲವರು ಮೆಚ್ಚಿದರು. ಆದರೆ ಇಂತಹ ಚುಚ್ಚುಮದ್ದುಗಳ ಅಪಾಯವನ್ನು ಮರೆಮಾಚಿ ಬಡಹೆಂಗಸರ ಮೇಲೆ ಪ್ರಯೋಗಿಸಲಾಗುತ್ತಿದೆಯೆಂದು 1986ರಲ್ಲಿ ಸ್ತ್ರೀ ಶಕ್ತಿ ಸಂಘಟನೆ ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದುದನ್ನೂ ನೆನೆಯಬೇಕು. ಗಂಡನಿಂದ ಗುಟ್ಟಾಗಿರಬಲ್ಲ ಔಷಧದ ದೋಷವು ಸೇವಿಸುವವಳಿಂದಲೂ ಗುಟ್ಟಾಗಿರಬಾರದು. ಮುಟ್ಟು ಏರುಪೇರಾಗುವುದು ಅದರ ಸಾಮಾನ್ಯ ಪರಿಣಾಮ. ಮುಟ್ಟಿನ ದಿನಗಳನ್ನು ಮನೆಮಂದಿಯೆಲ್ಲ ಅರಿಯುವ ಕುಟುಂಬಗಳಲ್ಲಿ ಆ ಏರುಪೇರೇ ಗುಟ್ಟನ್ನು ಬಯಲಿಗೆಳೆಯಬಲ್ಲುದು.

ಗೋಪ್ಯಕ್ಕೆ ಮನಸ್ಸು ತೆರುವ ಬೆಲೆಯೂ ಉಂಟು. ಜಾಂಬಿಯಾದ ಲುಸಾಕಾ ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಂಡನ ಎದುರಿಗೆ ಗರ್ಭನಿರೋಧದ ಚೀಟಿ ಪಡೆದವರಿಗಿಂತ ಏಕಾಂತದಲ್ಲಿ ಪಡೆದವರು ಅದನ್ನು ಹೆಚ್ಚಾಗಿ ಬಳಸಿಕೊಂಡರು. ಆದರೆ ಕಾಲಾನಂತರ ಅವರ ಮನಸ್ಸಮಾಧಾನ ಕುಗ್ಗಿದುದೂ ಕಂಡುಬಂದಿತು. ಆದುದರಿಂದ ಗುಟ್ಟನ್ನು ಆದರ್ಶವೆಂದು ಹೊಗಳಲಾಗದು. ಅನಿವಾರ್ಯವಾದ ಆತ್ಮರಕ್ಷಣೆಯೆಂದು ಗೌರವಿಸಬೇಕು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ದಾಂಪತ್ಯ ದೀಪಿಕೆ’, ‘ತಾಯಿ–ಮಗು’ಗಳಂತಹ ಪುಸ್ತಕಗಳಿಂದ ಅಂತಹ ಆತ್ಮರಕ್ಷಣೆಗೆ ಬೇಕಾದ ಜ್ಞಾನವನ್ನು ಕನ್ನಡದ ಹೆಣ್ಣುಮಕ್ಕಳ ಕೈಗೆ ನೇರವಾಗಿ ಮುಟ್ಟಿಸಿದುದು ಆ ಕಾರಣದಿಂದ ದೊಡ್ಡ ಉಪಕಾರ.

6. ನ್ಯಾಯದ ದ್ವಂದ್ವ

1860ರ ದಂಡಸಂಹಿತೆಯು ಗರ್ಭಪಾತಕ್ಕಾಗಿ ಬಸಿರಿಯನ್ನೂ ದಂಡನೆಗೆ ಗುರಿಮಾಡಿತ್ತು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯು ವಯಸ್ಕಳಾದ ಸ್ತ್ರೀಯ ಸಮ್ಮತಿಯೊಂದೇ ಸಾಕೆಂದಿತು; ಗಂಡನ ಸಹಿಯನ್ನು ಅದು ಕೇಳುವುದಿಲ್ಲ. ಸಂತಾನದ ಆಯ್ಕೆಯು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸುಪ್ರೀಂ ಕೋರ್ಟು 2009ರಲ್ಲಿ ಸಾರಿತು. ಆದರೆ ಅದೇ ನ್ಯಾಯಾಲಯವು 2007ರ ಸಮರ್ ಘೋಷ್ ವಿಚ್ಛೇದನ ಪ್ರಕರಣದಲ್ಲಿ, ಗಂಡನಿಗೆ ತಿಳಿಸದೆ, ವೈದ್ಯಕೀಯ ಕಾರಣವಿಲ್ಲದೆ, ಹೆಂಡತಿಯು ಸಂತಾನಹರಣವನ್ನೋ ಗರ್ಭಪಾತವನ್ನೋ ಮಾಡಿಸಿಕೊಂಡರೆ ಅದು ಮಾನಸಿಕ ಕ್ರೌರ್ಯವಾಗಬಹುದೆಂದಿತ್ತು. ಗಂಡನಿಗೂ ಅದೇ ನಿಯಮವನ್ನು ಹೇಳಿದೆಯಾದರೂ, ಬಸಿರಿನ ಭಾರ ಸಮವಾಗಿಲ್ಲದಲ್ಲಿ ನಿಯಮದ ಸಮತೆಯು ನ್ಯಾಯದ ಸಮತೆಯಾಗದು. ಹೆಂಡತಿಯು ಗಂಡನ ಮೇಲೆ ಹೊರಿಸಿದ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಕರ್ನಾಟಕ ಹೈಕೋರ್ಟು 2022ರ ಮಾರ್ಚಿನಲ್ಲಿ ನಿರಾಕರಿಸಿತು. ಅದೇ ವರ್ಷದ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಗರ್ಭಪಾತದ ಕಾಯಿದೆಯ ಮಟ್ಟಿಗೆ, ಗಂಡನ ಬಲಾತ್ಕಾರವೂ ಅತ್ಯಾಚಾರವೆಂದು ಒಪ್ಪಿತು. ಬೃಹದಾರಣ್ಯಕದ ಕೋಲಿನಿಂದ ಈ ತೀರ್ಪಿನವರೆಗಿನ ದೂರವು ಕಡಿಮೆಯದಲ್ಲ.

7. ಉಪಸಂಹಾರ

ಈ ಚರಿತ್ರೆಯಿಂದ ಸಿದ್ಧವಾಗುವುದು ಇಷ್ಟು: ಶಾಸ್ತ್ರವು ಪುರುಷನನ್ನು, ಸಂಸ್ಥಾನವು ಜನಸಂಖ್ಯೆಯನ್ನು, ಯೋಜನೆಯು ಗುರಿಯನ್ನು ಸಂಬೋಧಿಸಿದವು, ಏಕಾಂಗಿಯಾದ ಹೆಣ್ಣನ್ನು ನಿನ್ನ ಮನಸ್ಸೇನೆಂದು ಕೇಳಿದವರು ವಿರಳ. ಅವಳ ಗುಟ್ಟು ಕಪಟವಲ್ಲ, ಯಾರೂ ಕೇಳದ ಪ್ರಶ್ನೆಗೆ ಅವಳೇ ಕೊಟ್ಟುಕೊಂಡ ಉತ್ತರ. ಹಳ್ಳಿಯಲ್ಲಿ ಈ ಉತ್ತರವನ್ನು ಕಾಪಾಡಬೇಕಾದವಳು ಆಶಾ ಕಾರ್ಯಕರ್ತೆ. ಅವಳೂ ಸಾಮಾನ್ಯವಾಗಿ ಅದೇ ಊರಿನ ಸೊಸೆ, ಅವಳೂ ಅದೇ ಬೀದಿಯಲ್ಲಿ ಬಾಳಬೇಕು. ಆದುದರಿಂದ ಶಿಕಾರಿಪುರ, ಸೊರಬಗಳ ತಾಲ್ಲೂಕು ಆಸ್ಪತ್ರೆಗಳಿಂದ ಹಿಡಿದು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ಪ್ರತಿಯೊಬ್ಬ ಸ್ತ್ರೀಯನ್ನೂ ಒಮ್ಮೆಯಾದರೂ ಗಂಡನೂ ಅತ್ತೆಯೂ ಇಲ್ಲದ ಕೋಣೆಯಲ್ಲಿ ಮಾತನಾಡಿಸುವುದು, ಕಾನೂನು ಕೇಳದ ಗಂಡನ ಸಹಿಯನ್ನು ಆಸ್ಪತ್ರೆ ಕೇಳದಿರುವುದು, ಅವಳ ದಾಖಲೆಯನ್ನು ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸದಿರುವುದು, ಗಂಡಸರ ಶಸ್ತ್ರಚಿಕಿತ್ಸೆಯು ಸರಳವೆಂಬುದನ್ನು ಗಂಡಸರಿಗೇ ಮನಗಾಣಿಸುವುದು, ಈ ನಾಲ್ಕು ಕಾರ್ಯಗಳಿಗೆ ಹೊಸ ಕಾನೂನೂ ದೊಡ್ಡ ಹಣವೂ ಬೇಕಿಲ್ಲ. 1930ರಲ್ಲಿ ಜಗತ್ತಿಗೆ ಮಾರ್ಗ ತೋರಿಸಿದ ನಾಡು ಇಷ್ಟನ್ನು ಮಾಡಲು ಇನ್ನೂ ತಡಮಾಡುವುದು ಸಲ್ಲದು.